ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲ್ವೆ ಸ್ಮರಣಾರ್ಥ ಪದಕಗಳು
ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲ್ವೆ ಸ್ಮರಣಾರ್ಥ ಪದಕಗಳು ಈಶಾನ್ಯ ಇಂಗ್ಲೆಂಡಿನ ಈ ರೈಲುಮಾರ್ಗದ ವಾರ್ಷಿಕೋತ್ಸವಗಳ ನೆನಪಿಗಾಗಿ ತಯಾರಿಸಲಾದ ಪದಕಗಳಾಗಿವೆ. ಉಗಿಬಂಡಿಗಳನ್ನು ಬಳಸಿದ ಮೊದಲ ಸಾರ್ವಜನಿಕ ರೈಲುಮಾರ್ಗವಾದ ಇದು 1825ರ ಸೆಪ್ಟೆಂಬರ್ 27ರಂದು ಆರಂಭವಾಯಿತು. ಇದರ ಸುವರ್ಣ ಮಹೋತ್ಸವವು 1875ರಲ್ಲಿ ಡಾರ್ಲಿಂಗ್ಟನ್‌ನಲ್ಲಿ ನಡೆಯಿತು. ಶತಮಾನೋತ್ಸವವನ್ನು 1925ರಲ್ಲಿ ಆಚರಿಸಲಾಯಿತು.

ಗುರುತಿಸುವಿಕೆ
ಲೋಹಶೋಧಕದ ನೆರವಿನಿಂದ ಮಣ್ಣಿನಲ್ಲಿ ದೊರೆತ ಪದಕದ ಕಾಲವನ್ನು 1825 ಎಂಬ ಇಸವಿಯೊಂದರಿಂದಲೇ ನಿರ್ಧರಿಸಲಾಗದು. ಆರಂಭದ ವರ್ಷವನ್ನು ನಂತರದ ಪದಕಗಳಲ್ಲಿಯೂ ಕೆತ್ತಲಾಗುತ್ತಿತ್ತು. ಆದ್ದರಿಂದ ಎರಡನೆಯ ಇಸವಿ, ಅಂಚಿನ ಬರಹ ಹಾಗೂ ಉಗಿಬಂಡಿಯ ಚಿತ್ರವನ್ನು ಒಟ್ಟಾಗಿ ಪರಿಶೀಲಿಸಬೇಕು. ತವರ ಪ್ರಧಾನವಾದ ಬಿಳಿ ಮಿಶ್ರಲೋಹದ ಪದಕಗಳು ಮೃದುವಾಗಿರುತ್ತವೆ. ಅವುಗಳನ್ನು ಉಜ್ಜಿ ಹೊಳಪುಗೊಳಿಸಿದರೆ ಕಾಲನಿರ್ಣಯಕ್ಕೆ ಅಗತ್ಯವಾದ ಅಕ್ಷರಗಳೇ ಅಳಿಸಿಹೋಗುವ ಸಾಧ್ಯತೆಯಿದೆ.