ಕರಾವಳಿಯ ಇಂಗ್ಲಿಷ್ ಬರಹಗಳ ಗಣಕ ಪಠ್ಯಕೋಶ: ಟಿಪ್ಪಣಿಯ ಸಮಸ್ಯೆಗಳು

ಹೊನ್ನಾವರ, ಕುಮಟಾ, ಭಟ್ಕಳ ಸೀಮೆಯ ಜನಜೀವನವನ್ನು ಅಭ್ಯಸಿಸುವವರಿಗೆ ಶಾಸನ ಹಾಗೂ ಮೌಖಿಕ ಪರಂಪರೆಯ ಜೊತೆಗೆ ಹಳೆಯ ಇಂಗ್ಲಿಷ್ ಬರಹಗಳೂ ಮುಖ್ಯ ಆಕರಗಳಾಗಿವೆ. 1623ರಲ್ಲಿ ಈ ತೀರಕ್ಕೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆಯ ಪತ್ರಗಳ ಇಂಗ್ಲಿಷ್ ಅನುವಾದವು 1665ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನ 1807ರಲ್ಲಿ, ಕ್ಯಾಂಬೆಲ್ ಸಂಪಾದಿಸಿದ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟ 1883ರಲ್ಲಿ ಪ್ರಕಟವಾದವು. ಇವುಗಳ ಪುಟಚಿತ್ರಗಳು ಇಂದು ಅಂತರ್ಜಾಲದಲ್ಲಿ ಸುಲಭವಾಗಿ ದೊರೆಯುತ್ತವೆಯಾದರೂ ಅವನ್ನು ಪಠ್ಯಕೋಶವೆಂದು ಕರೆಯಲಾಗದು. ಪ್ರತಿ ಪದವನ್ನೂ ಗಣಕ ಹುಡುಕುವಂತಾಗಬೇಕು. ಆ ಪದ ಯಾರದು, ಯಾವ ಕಾಲದ್ದು, ಏನನ್ನು ಸೂಚಿಸುತ್ತದೆ ಎಂಬ ಟಿಪ್ಪಣಿ ಅದರೊಡನೆ ಇರಬೇಕು.

ಈ ಕ್ರಮಕ್ಕೆ 1991ರಲ್ಲಿ ಸಿದ್ಧವಾದ ಹೆಲ್ಸಿಂಕಿ ಪಠ್ಯಕೋಶವು ಉತ್ತಮ ಮಾದರಿ. ಪ್ರಾಚೀನ ಇಂಗ್ಲಿಷಿನಿಂದ 1710ರವರೆಗಿನ ಸುಮಾರು ಹದಿನೈದು ಲಕ್ಷ ಪದಗಳು ಕಾಲ, ಪ್ರಕಾರಗಳ ವಿವರಗಳೊಡನೆ ಅದರಲ್ಲಿವೆ. ಆದರೆ ಅಲ್ಲಿಯ ಕಾಗುಣಿತದ ವ್ಯತ್ಯಾಸ ಇಂಗ್ಲಿಷಿನ ಒಳಗಿನದು. ನಮ್ಮಲ್ಲಿಯದು ಪರಕೀಯ ಕಿವಿಗೆ ಕೇಳಿದ ಕನ್ನಡ, ಕೊಂಕಣಿಗಳದ್ದು. ಹೊನ್ನಾವರವು ಓನೋರ್ ಆಗಿದೆ, ಭಟ್ಕಳವು ಬಟುಕುಲ್ಲಾ ಆಗಿದೆ. 1665ರ ಮುದ್ರಣದಲ್ಲಿ ಉದ್ದನೆಯ ಎಸ್ ಅಕ್ಷರವನ್ನು ಗಣಕವು ಎಫ್ ಎಂದೇ ಓದುವುದುಂಟು. ಇದನ್ನು ತಿದ್ದುವುದು ಶ್ರಮದ ಕೆಲಸ, ಕಷ್ಟದ್ದಲ್ಲ.

ಕಷ್ಟವಿರುವುದು ಅರ್ಥನಿರ್ಣಯದಲ್ಲಿ. ಗೇರುಸೊಪ್ಪೆ ಎಂಬ ಹೆಸರು ಒಂದೆಡೆ ಶರಾವತಿ ದಂಡೆಯ ಊರನ್ನು, ಇನ್ನೊಂದೆಡೆ ರಾಣಿ ಚೆನ್ನಭೈರಾದೇವಿಯ ರಾಜ್ಯವನ್ನು, ಹತ್ತೊಂಬತ್ತನೆಯ ಶತಮಾನದ ಬರಹಗಳಲ್ಲಿ ಬಹುಮಟ್ಟಿಗೆ ಜೋಗದ ಜಲಪಾತವನ್ನು ಸೂಚಿಸುತ್ತದೆ. ಬುಕಾನನ್ನನ ಕೆನರಾದಲ್ಲಿ ಮಂಗಳೂರೂ ಸೇರಿದೆ. ಉತ್ತರ ಕನ್ನಡವು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಬಳಿಕದ ಕ್ಯಾಂಬೆಲ್ಲನ ಕೆನರಾದಲ್ಲಿ ಇಲ್ಲ. ವ್ಯಾಪಾರದ ದಾಖಲೆಗಳಲ್ಲಿ ಬರುವ ಕುಮಟಾ ಹತ್ತಿಯಂತೂ ಕುಮಟೆಯಲ್ಲಿ ಬೆಳೆದುದೇ ಅಲ್ಲ. ಧಾರವಾಡ ಸೀಮೆಯ ಆ ಹತ್ತಿಗೆ ಹಡಗೇರಿದ ಬಂದರಿನ ಹೆಸರು ಅಂಟಿತು. ಟಿಪ್ಪಣಿಯಿಲ್ಲದ ಕೋಶದಲ್ಲಿ ಹುಡುಕಿದರೆ ಕುಮಟೆಯ ಗಜನಿ ಗದ್ದೆಗಳಲ್ಲಿ ಹತ್ತಿ ಬೆಳೆದೀತು!

ಇದಕ್ಕಿಂತ ಗಂಭೀರವಾದುದು ಸಮುದಾಯಗಳ ಪ್ರಶ್ನೆ. ಗ್ಯಾಸೆಟಿಯರಿನ ಹಾಲ್ವಕ್ಕಿ ವಕ್ಕಲರು ಇಂದಿನ ಹಾಲಕ್ಕಿ ಒಕ್ಕಲಿಗರು. ಉಡುಗೆ, ಮನೆ, ಹಬ್ಬಗಳ ವಿವರಣೆಯೊಂದಿಗೆ ಇಂಥ ಜಾತಿ ಮಿತವ್ಯಯದ್ದು, ಇಂಥದು ಕೊಳಕು ಎಂಬ ತೀರ್ಪುಗಳೂ ಆ ಸಂಪುಟಗಳಲ್ಲಿ ಒಂದೇ ಧಾಟಿಯಲ್ಲಿ ಬರುತ್ತವೆ. ಗಣಕಕ್ಕೆ ಇವೆರಡರ ಭೇದ ತಿಳಿಯದು. ಕಂಡ ಸಂಗತಿಗೆ ಒಂದು ಗುರುತು, ಬರೆದವನ ಅಭಿಪ್ರಾಯಕ್ಕೆ ಬೇರೊಂದು ಗುರುತು ನೀಡದಿದ್ದರೆ ವಸಾಹತು ಅಧಿಕಾರಿಯ ಪೂರ್ವಗ್ರಹವೇ ಸಮುದಾಯದ ಲಕ್ಷಣವಾಗಿ ಹುಡುಕಾಟದಲ್ಲಿ ಮೇಲೆ ಬರುತ್ತದೆ. ಮೂಲಪಾಠವನ್ನು ಮಾತ್ರ ತಿದ್ದಕೂಡದು. ಟಿಪ್ಪಣಿಯು ಪ್ರತ್ಯೇಕ ಪದರದಲ್ಲಿರಬೇಕು, ಬರೆದವರ ಹೆಸರು ಮತ್ತು ದಿನಾಂಕದೊಡನೆ.

ಆ ಪದರವನ್ನು ಬರೆಯಬೇಕಾದವರು ಇಂಗ್ಲಿಷ್ ವಿದ್ವಾಂಸರಷ್ಟೇ ಅಲ್ಲ. ಶರಾವತಿಯಾಚೆ, ಕಾಸರಕೋಡಿನ ಬಳಿಯ ಅಪ್ಸರಕೊಂಡವನ್ನು ನೋಡಬಹುದು. ತೆಲುಗು ಬಲ್ಲ ಟಿಪ್ಪಣಿಕಾರರು ಕೊಂಡವನ್ನು ಬೆಟ್ಟವೆಂದು ಗುರುತಿಸಿಯಾರು. ಅಲ್ಲಿ ಗುಡ್ಡವೂ ಇರುವುದರಿಂದ ಸಂಶಯವೂ ಹುಟ್ಟದು. ಸ್ಥಳೀಯರ ಐತಿಹ್ಯದಲ್ಲಾದರೋ ಅದು ಅಪ್ಸರೆಯರು ಮೀಯಲು ಇಳಿಯುತ್ತಿದ್ದ, ಜಲಪಾತದಡಿಯ ನೀರಿನ ಹೊಂಡ.