ಎಂಜಿನ್ನಿನ ಅಡಿಕವರ್ ಸೀಳಿದರೆ

ರಸ್ತೆಯುಬ್ಬು ಹೇಗಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ ಲೆಕ್ಕ ಹಾಕಿಟ್ಟಿದೆ: ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂಥ ಬಾಗು. ರಾತ್ರೋರಾತ್ರಿ ನಮ್ಮ ಬೀದಿಗಳಲ್ಲಿ ಎದ್ದು ನಿಲ್ಲುವ ದಿಬ್ಬಗಳಿಗೆ ಈ ಲೆಕ್ಕದ ಹಂಗಿಲ್ಲ. ಸಣ್ಣ ಕಾರು ಖಾಲಿಯಿದ್ದಾಗ ಅದರ ತಳಕ್ಕೂ ನೆಲಕ್ಕೂ ಸುಮಾರು 160–170 ಮಿ.ಮೀ. ಅಂತರ. ಐದು ಜನ ಕೂತು ಡಿಕ್ಕಿಯೂ ತುಂಬಿದರೆ ಅಷ್ಟೂ ಉಳಿಯದು. ಆಗ ಕರ್ರೆಂದು ಉಜ್ಜುವುದು ಎಂಜಿನ್ ಕೆಳಗಿನ ಕಪ್ಪು ಪ್ಲಾಸ್ಟಿಕ್ ಕವರ್.

‘ಅದಿಲ್ಲದಿದ್ರೂ ನಡೆಯುತ್ತೆ ಸಾರ್, ಕಿತ್ತಾಕ್ಬಿಡಿ’ ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಕಾರು ಓಡುತ್ತದೆ, ಸುಳ್ಳಲ್ಲ. ಗ್ಯಾರೇಜಿನವರು ಚೇಂಬರ್ ಎನ್ನುವ ಆಯಿಲ್ ತೊಟ್ಟಿಯನ್ನು ಬಂಡೆಯ ಹೊಡೆತದಿಂದ ಉಳಿಸುವ ತಾಕತ್ತೂ ಆ ತೆಳು ಹಾಳೆಗಿಲ್ಲ. ಅದರ ಕೆಲಸವೇ ಬೇರೆ. ಚಕ್ರ ಎರಚುವ ಕೆಸರುನೀರು ಬೆಲ್ಟು, ಆಲ್ಟರ್ನೇಟರು, ವೈರುಗಳ ತಂಟೆಗೆ ಹೋಗದಂತೆ ಅದು ತಡೆಯುತ್ತದೆ. ಎಂಜಿನ್ ತಳದ ಗೋಜಲಿನಲ್ಲಿ ಗಾಳಿ ಸಿಕ್ಕಿ ಸುಳಿಯಾಗದೆ ನುಣುಪಾಗಿ ಹಿಂದಕ್ಕೆ ಜಾರುವಂತೆ ಮಾಡುತ್ತದೆ. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುವುದರಿಂದ ಇದರ ಬೆಲೆ ತಿಳಿಯುವುದು ಹೆದ್ದಾರಿಯಲ್ಲಿ. ಕೆಲವು ಕಾರುಗಳಲ್ಲಿ ರೇಡಿಯೇಟರ್ ದಾಟಿದ ಬಿಸಿಗಾಳಿ ಹೊರಬೀಳುವ ದಾರಿಯನ್ನೂ ಈ ಕವರೇ ತಿದ್ದುತ್ತದೆ.

ಕವರ್ ಇಲ್ಲದ ಕಾರಿಗಿಂತ ಅದು ಅರ್ಧ ನೇತಾಡುವ ಕಾರು ಅಪಾಯಕಾರಿ. ಮುಂದಿನ ಅಂಚು ಕಳಚಿದರೆ ಎದುರುಗಾಳಿ ಒಳಹೊಕ್ಕು ಕವರನ್ನು ಕೆಳಕ್ಕೆ ಮಡಚುತ್ತದೆ. ಅದು ಚಕ್ರಕ್ಕೂ ಸಿಕ್ಕಬಹುದು. ದಾರಿಯಲ್ಲಾದರೆ ಕೇಬಲ್ ಟೈ ಹಾಕಿ ಮೇಲೆತ್ತಿ ಕಟ್ಟಿ, ಸೈಲೆನ್ಸರ್ ಪೈಪಿಗೆ ತಾಗದಂತೆ ನೋಡಿಕೊಂಡು, ನಿಧಾನವಾಗಿ ಹೋಗಬೇಕು. ಕಟ್ಟಲಾಗದಿದ್ದರೆ ಬಿಚ್ಚಿ ಡಿಕ್ಕಿಗೆ ಹಾಕುವುದೇ ಮೇಲು. ಬರೀ ಜಾಕ್ ನಂಬಿ ಕಾರಿನಡಿ ಮಾತ್ರ ನುಸುಳಬಾರದು.

ಬಿಚ್ಚಿದ ಕವರಿನ ಒಳಮೈಯ ಕೆಸರು ಒರೆಸಿದರೆ ಒಂದು ಮೂಲೆಯಲ್ಲಿ ‘ಪಿಪಿ’ ಎಂಬ ಅಚ್ಚು ಕಾಣುವುದುಂಟು. ಪಾಲಿಪ್ರೊಪಿಲೀನ್‌ನ ಗುರುತು ಅದು. 1954ರಲ್ಲಿ ಇಟಲಿಯ ಜೂಲಿಯೊ ನತ್ತಾ ಇದರ ಅಣುಸರಪಳಿಯನ್ನು ಕ್ರಮಬದ್ಧವಾಗಿ ಹೆಣೆಯುವ ಬಗೆ ತೋರಿಸಿದರು. 1963ರ ನೊಬೆಲ್ ಪ್ರಶಸ್ತಿಯನ್ನು ಕಾರ್ಲ್ ಜೀಗ್ಲರ್ ಜೊತೆ ಹಂಚಿಕೊಂಡರು. ಈ ಪ್ಲಾಸ್ಟಿಕ್ ಹಗುರ, ಆಯಿಲ್ಲಿಗೂ ನೀರಿಗೂ ಜಗ್ಗದು. ಆದರೆ ಫೆವಿಕ್ವಿಕ್ ಸುರಿಯಿರಿ, ಅರಾಲ್ಡೈಟ್ ಮೆತ್ತಿರಿ, ಒಣಗಿದ ಮೇಲೆ ಹಾಳೆಯಂತೆ ಎದ್ದು ಬರುತ್ತದೆ. ಇದರ ಸರಪಳಿಯಲ್ಲಿರುವುದು ಇಂಗಾಲ, ಜಲಜನಕ ಮಾತ್ರ. ಅಂಟಿನ ಅಣುಗಳನ್ನು ಸೆಳೆದು ಹಿಡಿಯುವ ವಿದ್ಯುತ್ ಅಸಮತೋಲ ಮೇಲ್ಮೈಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಂಟಿನ ದುಡ್ಡು ದಂಡ.

ಹಿಡಿಯುವುದು ಬೆಸುಗೆ ಇಲ್ಲವೇ ಹೊಲಿಗೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಳಿನ ಎರಡೂ ದಡವನ್ನು ಬಿಸಿಮಾಡಿ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ತುಂಬಬಹುದು. ಗಾಳಿಯಾಡುವ ಜಾಗ ಬೇಕು. ಹೊಲಿಗೆ ಇನ್ನೂ ಸುಲಭ: ಎರಡು ದಡದಲ್ಲೂ ತೂತು ಕೊರೆದು ಕೇಬಲ್ ಟೈ ಬಿಗಿಯುವುದು.

ಅದಕ್ಕೂ ಮೊದಲು ಸೀಳು ಎಲ್ಲಿ ಮುಗಿಯುತ್ತದೋ ಸರಿಯಾಗಿ ಆ ತುದಿಯಲ್ಲೊಂದು ದುಂಡು ತೂತು ಕೊರೆಯಬೇಕು. ಬಟ್ಟೆಯಂಗಡಿಯವರು ಅಂಚಿಗೊಂದು ಕತ್ತರಿ ಕೊಟ್ಟು ಸರ್ರನೆ ಹರಿಯುವುದನ್ನು ನೋಡಿದವರಿಗೆ, ಇದ್ದದ್ದನ್ನೇ ಇನ್ನಷ್ಟು ತೂತು ಮಾಡುವುದು ಹುಚ್ಚೆನಿಸೀತು. 1913ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್ ಇದರ ಗಣಿತ ಬಿಡಿಸಿದರು. ತಗಡನ್ನು ಎಳೆದಾಗ ಅದರಲ್ಲಿನ ದುಂಡು ತೂತಿನ ಅಂಚಿಗೆ ಬೀಳುವ ಒತ್ತಡ ಸುಮಾರು ಮೂರು ಪಟ್ಟು. ಬಿರುಕಿನ ತುದಿ ಚೂಪಾದಂತೆಲ್ಲ ಅದು ಹತ್ತಾರು ಪಟ್ಟು ಏರುತ್ತದೆ. ತೂತು ಆ ಚೂಪನ್ನು ಅಳಿಸುತ್ತದೆ. ಇಲ್ಲದಿದ್ದರೆ ಕವರ್ ಪಟಪಟ ಬಡಿದಾಗಲೆಲ್ಲ ಸೀಳು ಒಂದಿಷ್ಟು ಮುಂದೆ ಹೋಗುತ್ತಲೇ ಇರುತ್ತದೆ.

ಬೋಲ್ಟು ಕೂರುವ ಜಾಗಗಳೇ ಮುರಿದು ಹೋಗಿದ್ದರೆ ಹೊಲಿಗೆ ಬೇಡ, ಹೊಸದೇ ಹಾಕಿಸಿ. ಆಗ ಪ್ಲಾಸ್ಟಿಕ್ ಬದಲು ಕಬ್ಬಿಣದ ಪ್ಲೇಟ್ ಹಾಕಿಸುವ ಸಲಹೆಯೂ ಬರುತ್ತದೆ. ಎರಡು ಮಿ.ಮೀ. ದಪ್ಪದ ಒಂದು ಚದರ ಮೀಟರ್ ಉಕ್ಕಿಗೆ ಸುಮಾರು 16 ಕಿಲೋ ತೂಕ, ಅಷ್ಟೇ ಅಳತೆಯ ಪಾಲಿಪ್ರೊಪಿಲೀನ್‌ಗೆ ಎರಡು ಕಿಲೋ ಕೂಡ ಇಲ್ಲ. ದಿನವೂ ಕಲ್ಲುದಾರಿಯಲ್ಲಿ ತೋಟಕ್ಕೆ ಹೋಗುವವರಿಗೆ ಆ ಭಾರ ಹೊರಿಸುವುದರಲ್ಲಿ ಅರ್ಥವಿದೆ. ಹಾಕಿಸುವಾಗ ಗಾಳಿಗೆ ಕಿಂಡಿಗಳಿವೆಯೇ, ಆಯಿಲ್ ಇಳಿಸುವ ಬೋಲ್ಟಿನ ನೇರಕ್ಕೆ ತೂತಿದೆಯೇ ಎಂದು ನೋಡಿ. ಇಲ್ಲದಿದ್ದರೆ ಪ್ರತಿ ಸಲ ಆಯಿಲ್ ಬದಲಿಸುವಾಗಲೂ ಇಡೀ ಪ್ಲೇಟನ್ನು ಇಳಿಸಬೇಕಾಗುತ್ತದೆ.