ಸೆಂಟ್ರಲ್ ಲಾಕ್ ಕೈಕೊಟ್ರೆ ಸ್ವಿಚ್ ಬದಲಿಸೋ ಮುಂಚೆ ಇದನ್ನ ಓದಿ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಕಾರಲ್ಲೇ ಊರಿಗೆ ಬಂದಿದ್ದೀರಿ ಅಂದ್ಕೊಳ್ಳಿ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾ, ಅಲ್ಲೇ ಇರುವ ಬಿಜಾಪುರದ ಮೊದಲ ಆದಿಲ್‌ಶಾಹಿ ದೊರೆ ಯೂಸುಫ್ ಆದಿಲ್ ಶಾನ ಸಮಾಧಿ ನೋಡಿಕೊಂಡು ಕಾರಿಗೆ ವಾಪಸ್ ಬರ್ತೀರಿ. ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು. ಮನೆಯವರೆಲ್ಲ ಹತ್ತಿ ಕೂತ ಮೇಲೆ ಡ್ರೈವರ್ ಬಾಗಿಲಿನ ಲಾಕ್ ಬಟನ್ ಒತ್ತಿದ್ರೆ ಮೂರು ಬಾಗಿಲು 'ಟಕ್' ಅಂತವೆ, ನಾಲ್ಕನೆಯದು ಮಾತೇ ಆಡಲ್ಲ. ಹಿಂದಿನ ಸೀಟಿನಿಂದ ಅಜ್ಜಿ ಕೇಳ್ತಾರೆ: "ಯಾಕೋ, ಈ ಬಾಗ್ಲಾ ಲಾಕ್ ಬೀಳವಲ್ದಲ್ಲ?"

ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ರೆ ಬಹಳ ಸಲ ಬರೋ ಉತ್ತರ ಒಂದೇ: "ಸ್ವಿಚ್ ಹೋಗಿದೆ, ಹೊಸದು ಹಾಕ್ಸಿ." ಆದರೆ ಮೂರು ಬಾಗಿಲು ಕೆಲಸ ಮಾಡಿದ ಮೇಲೆ ಸ್ವಿಚ್ ಹಾಳಾಗಿರೋದು ಹೇಗೆ? ಆ ಮೂರಕ್ಕೂ ಆದೇಶ ಕೊಟ್ಟಿದ್ದು ಅದೇ ಸ್ವಿಚ್ ತಾನೇ? ಸೆಂಟ್ರಲ್ ಲಾಕ್ ರಿಪೇರಿಯಲ್ಲಿ ದುಡ್ಡು ಪೋಲಾಗೋದು ಇಲ್ಲೇ. ಯಾವ ಬಾಗಿಲು, ಯಾವಾಗ, ಹೇಗೆ ಕೈಕೊಡ್ತು ಅಂತ ಗಮನಿಸಿದ್ರೆ ಅರ್ಧ ರೋಗ ಅಲ್ಲೇ ಪತ್ತೆಯಾಗುತ್ತೆ.

ಇದು ಬರೀ ಕಿರಿಕಿರಿ ಅಲ್ಲ

ಲಾಕ್ ಬೀಳದಿದ್ರೆ ಕಳ್ಳರ ಚಿಂತೆ. ಲಾಕ್ ತೆರೆಯದಿದ್ರೆ ಚಿಂತೆ ಅದಕ್ಕಿಂತ ದೊಡ್ಡದು. 2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಜಿಲ್ಲೆಯ ದ್ವಾರಪೂಡಿ ಗ್ರಾಮದಲ್ಲಿ ಆಟ ಆಡ್ತಾ ನಿಂತ ಕಾರಿನೊಳಗೆ ಸೇರಿಕೊಂಡ ನಾಲ್ಕು ಮಕ್ಕಳು ಹೊರಬರಲಾಗದೆ ಪ್ರಾಣ ಬಿಟ್ಟರು. ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಒಳಗಿನ ತಾಪಮಾನ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತೆ. ಯಾದಗಿರಿ, ಕಲಬುರಗಿ ಕಡೆಯ ಮೇ ತಿಂಗಳಲ್ಲಿ ಇದೇನು ಅಂತ ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಕರೆಂಟ್ ಇಲ್ಲದೆಯೂ ಬಾಗಿಲು ತೆರೆಯೋ ದಾರಿ ಇರಬೇಕು ಅನ್ನೋದು. ಭಾರತದಲ್ಲಿ 2019ರ ಜುಲೈ 1ರಿಂದ ಜಾರಿಗೆ ಬಂದ ಕಾರು ಸುರಕ್ಷತಾ ನಿಯಮಗಳಲ್ಲಿ, ತುರ್ತು ಸಮಯದಲ್ಲಿ ಸೆಂಟ್ರಲ್ ಲಾಕನ್ನು ಕೈಯಿಂದಲೇ ತೆರೆಯೋ ವ್ಯವಸ್ಥೆ ಇರಬೇಕು ಅನ್ನೋದೂ ಸೇರಿದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ, ಹೇಗೆ ಕೆಲಸ ಮಾಡುತ್ತೆ ಅಂತ ಇವತ್ತೇ ಒಂದ್ಸಲ ನೋಡಿಕೊಳ್ಳಿ. ಬಟನ್ ಸ್ಟಾರ್ಟ್ ಕಾರಾದ್ರೆ ರಿಮೋಟ್ ಒಳಗೇ ಒಂದು ಸಣ್ಣ ಲೋಹದ ಕೀ ಅಡಗಿರುತ್ತೆ. ಅದನ್ನ ಹೊರತೆಗೆದು ಡ್ರೈವರ್ ಬಾಗಿಲಿಗೆ ಹಾಕಿ ತಿರುಗಿಸಿ ನೋಡಿ. ವರ್ಷಗಟ್ಟಲೆ ಬಳಸದ ಕೀ ರಂಧ್ರ ಧೂಳು ಕೂತು ಬಿಗಿದುಕೊಂಡಿರಬಹುದು.

ಇನ್ನೊಂದು ಮಾತು. ಹಿಂದಿನ ಬಾಗಿಲು ಒಳಗಿಂದ ತೆಗೆಯೋಕೆ ಬರ್ತಿಲ್ಲ, ಹೊರಗಿಂದ ಸಲೀಸಾಗಿ ತೆಗೆಯುತ್ತೆ ಅಂದ್ರೆ ಅದು ಫಾಲ್ಟ್ ಇರಲಿಕ್ಕಿಲ್ಲ, ಚೈಲ್ಡ್ ಲಾಕ್ ಆನ್ ಆಗಿರಬಹುದು. ಬಾಗಿಲು ತೆರೆದು ಅಂಚಿನಲ್ಲಿರೋ ಸಣ್ಣ ಗುಂಡಿ ನೋಡಿ. ಎಷ್ಟೋ ಜನ ಇಷ್ಟಕ್ಕೇ ಗ್ಯಾರೇಜ್‌ವರೆಗೂ ಹೋಗಿ ಬಂದಿರ್ತಾರೆ.

ಬಟನ್ ಒತ್ತಿದಾಗ ಒಳಗೆ ಏನಾಗುತ್ತೆ?

ಪ್ರತಿ ಬಾಗಿಲಿನ ಒಳಗೆ ಒಂದು ಪುಟಾಣಿ ಮೋಟಾರ್ ಇರುತ್ತೆ. ಇದಕ್ಕೆ ಆಕ್ಚುಯೇಟರ್ ಅಂತಾರೆ. ಸಾಮಾನ್ಯವಾಗಿ ಈ ಮೋಟಾರಿಗೆ ಎರಡೇ ವೈರ್. ಕರೆಂಟ್ ಒಂದು ದಿಕ್ಕಲ್ಲಿ ಹರಿದ್ರೆ ಲಾಕ್, ಉಲ್ಟಾ ಹರಿದ್ರೆ ಅನ್‌ಲಾಕ್. ಆಟಿಕೆ ಕಾರಿನ ಸೆಲ್ ತಿರುಗಿಸಿ ಹಾಕಿದ್ರೆ ಅದು ಹಿಂದಕ್ಕೆ ಓಡುತ್ತಲ್ಲ, ಹಾಗೇ.

ಹಳೆಯ ಕೆಲವು ಕಾರುಗಳಲ್ಲಿ ಮೋಟಾರಿನ ಪೂರ್ತಿ ಕರೆಂಟ್ ಸ್ವಿಚ್ ಮೂಲಕವೇ ಹೋಗ್ತಿತ್ತು. ಅಲ್ಲಿ ಸ್ವಿಚ್ ಸುಡೋದು ಸಹಜ. ಈಗಿನ ಕಾರುಗಳಲ್ಲಿ ಸ್ವಿಚ್ ಬರೀ ಸುದ್ದಿ ಮುಟ್ಟಿಸುತ್ತೆ. ಬಾಡಿ ಕಂಟ್ರೋಲ್ ಮಾಡ್ಯೂಲ್ ಅನ್ನೋ ಪೆಟ್ಟಿಗೆಗೆ "ಲಾಕ್ ಮಾಡು" ಅಂತ ಸಣ್ಣ ಸಿಗ್ನಲ್ ಹೋಗುತ್ತೆ. ರಿಲೇ ಮೂಲಕ ಮೋಟಾರಿಗೆ ಕರೆಂಟ್ ಬಿಡೋದು ಆ ಪೆಟ್ಟಿಗೆ. ಕೆಲಸದ ಹೊರೆ ಕಡಿಮೆ ಇರೋದ್ರಿಂದ ಇಂಥ ಸ್ವಿಚ್ ಸುಮ್ಮಸುಮ್ಮನೆ ಸುಡಲ್ಲ. ನೀರು, ಚಹಾ, ಧೂಳು ಒಳಗೆ ಹೋದ್ರೆ ಮಾತ್ರ ಕಥೆ ಬೇರೆ.

ಲಕ್ಷಣ ನೋಡಿ, ಜಾಗ ಗುರುತಿಸಿ

ಬಾಗಿಲಿನ ಸ್ವಿಚ್, ರಿಮೋಟ್ ಎರಡರಿಂದಲೂ ಲಾಕ್-ಅನ್‌ಲಾಕ್ ಮಾಡಿ. ನಾಲ್ಕೂ ಬಾಗಿಲ ಹತ್ರ ಒಬ್ಬೊಬ್ಬರನ್ನ ನಿಲ್ಲಿಸಿ, ಸದ್ದು ಕೇಳಿಸಿಕೊಳ್ಳೋಕೆ ಹೇಳಿ. ಆಮೇಲೆ ಹೀಗೆ ಲೆಕ್ಕ ಹಾಕಿ:

• ರಿಮೋಟ್‌ನಿಂದ ಎಲ್ಲವೂ ಸರಿ, ಸ್ವಿಚ್‌ನಿಂದ ಒಂದೂ ಇಲ್ಲ: ಈಗ ಸ್ವಿಚ್ ಮೇಲೆ ಅಥವಾ ಅದರ ವೈರ್ ಮೇಲೆ ಅನುಮಾನ ಪಡಬಹುದು.

• ಸ್ವಿಚ್‌ನಿಂದ ಸರಿ, ರಿಮೋಟ್‌ನಿಂದ ಇಲ್ಲ: ಮೊದಲು ರಿಮೋಟ್ ಸೆಲ್ ಬದಲಿಸಿ. ಬಹಳಷ್ಟು ರಿಮೋಟ್‌ಗಳಲ್ಲಿ ಇರೋದು 3 ವೋಲ್ಟಿನ ಸಿಆರ್ 2032 ಗುಂಡು ಸೆಲ್.

• ಎರಡರಿಂದಲೂ ಯಾವ ಬಾಗಿಲೂ ಅಲುಗಲ್ಲ: ಫ್ಯೂಸ್, ಬ್ಯಾಟರಿ, ಅರ್ತ್, ಆಮೇಲೆ ಕಂಟ್ರೋಲ್ ಪೆಟ್ಟಿಗೆ.

• ಎರಡರಿಂದಲೂ ಒಂದೇ ಬಾಗಿಲು ಮಾತ್ರ ಕೆಲಸ ಮಾಡಲ್ಲ: ಆ ಬಾಗಿಲಿನ ವೈರ್ ಇಲ್ಲವೇ ಮೋಟಾರ್.

• ಎಲ್ಲ ಬಾಗಿಲೂ ಲಾಕ್ ಆಗ್ತವೆ, ಅನ್‌ಲಾಕ್ ಆಗಲ್ಲ: ಸ್ವಿಚ್‌ನಿಂದ ಮಾತ್ರ ಹೀಗಾದ್ರೆ ಸ್ವಿಚ್‌ನ ಒಂದು ಕಾಂಟ್ಯಾಕ್ಟ್ ಅಥವಾ ಒಂದು ವೈರ್. ರಿಮೋಟ್‌ನಿಂದಲೂ ಹಾಗೇ ಆದ್ರೆ ಅನ್‌ಲಾಕ್ ರಿಲೇ.

• ಒಂದೇ ಬಾಗಿಲು ಲಾಕ್ ಆಗುತ್ತೆ, ಅನ್‌ಲಾಕ್ ಆಗಲ್ಲ: ಇದನ್ನ ಸ್ವಲ್ಪ ಯೋಚಿಸಿ. ಎರಡೂ ಕೆಲಸಕ್ಕೆ ಬಳಕೆಯಾಗೋದು ಅದೇ ಎರಡು ವೈರ್. ಒಂದು ದಿಕ್ಕಲ್ಲಿ ಕರೆಂಟ್ ಹರಿದಿದೆ ಅಂದ್ರೆ ವೈರ್ ತುಂಡಾಗಿರೋ ಸಾಧ್ಯತೆ ಕಡಿಮೆ. ಲಾಕ್ ಬಿಗಿಯಾಗಿರಬೇಕು ಅಥವಾ ಮೋಟಾರ್ ಸೋತಿರಬೇಕು.

ಹತ್ತು ಸಲ ಲಾಕ್-ಅನ್‌ಲಾಕ್ ಮಾಡಿ ಪರೀಕ್ಷೆ ಮಾಡ್ತಾ ಇರುವಾಗ ಎಲ್ಲವೂ ಒಮ್ಮೆಲೇ ನಿಂತುಹೋದ್ರೆ ಗಾಬರಿ ಬೇಡ. ಮೋಟಾರ್ ಬಿಸಿಯಾಗಿ ಸುಡಬಾರದು ಅಂತ ಹಲವು ಕಾರುಗಳಲ್ಲಿ ರಕ್ಷಣೆಯ ವ್ಯವಸ್ಥೆ ಇರುತ್ತೆ. ಒಂದೆರಡು ನಿಮಿಷ ಬಿಟ್ಟು ನೋಡಿ.

ಖರ್ಚಿಲ್ಲದ ಪರೀಕ್ಷೆ ಮೊದಲು

ಫ್ಯೂಸ್: ಕಾರಿನ ಕೈಪಿಡಿಯಲ್ಲಿ ಡೋರ್ ಲಾಕ್ ಫ್ಯೂಸ್ ಯಾವುದು ಅಂತ ಇರುತ್ತೆ. ಬಣ್ಣ ನೋಡಿದ್ರೇ ಅದರ ಶಕ್ತಿ ಗೊತ್ತಾಗುತ್ತೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಸುಟ್ಟಿದ್ರೆ ಅದೇ ಬಣ್ಣದ್ದನ್ನೇ ಹಾಕಿ. ಮತ್ತೆ ಸುಟ್ರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ. ಆಗ ದೊಡ್ಡ ಫ್ಯೂಸ್ ಹಾಕೋದು, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತೋದು ಮಾಡಬೇಡಿ. ಆಮೇಲೆ ಸುಡೋದು ಫ್ಯೂಸ್ ಅಲ್ಲ, ವೈರ್.

ಬ್ಯಾಟರಿ: ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಕಾರು ಕೆಲವು ಗಂಟೆ ನಿಂತ ಮೇಲೆ ಚಾರ್ಜ್ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕಿಂತ ಕೆಳಗಿದ್ರೆ ಲಾಕ್‌ಗಳು ಸುಸ್ತಾದ ಹಾಗೆ 'ಟುಸ್' ಅಂತವೆ. ಎಂಜಿನ್ ಆನ್ ಮಾಡಿದಾಗ ಲಾಕ್ ಜೋರಾಗಿ ಬಿದ್ರೆ ದೋಷ ಬಾಗಿಲಲ್ಲಿಲ್ಲ, ಬ್ಯಾಟರಿಯಲ್ಲಿದೆ.

ಯಾರೂ ನೋಡದ ಜಾಗ: ಬಾಗಿಲ ಸಂದಿನ ರಬ್ಬರ್ ಕೊಳವೆ

ಬಾಗಿಲು ಪೂರ್ತಿ ತೆರೆದು ಕೀಲಿನ ಹತ್ರ ನೋಡಿ. ಕಾರಿನ ಮೈಯಿಂದ ಬಾಗಿಲಿಗೆ ಹೋಗೋ ಒಂದು ಕಪ್ಪು ರಬ್ಬರ್ ಕೊಳವೆ ಕಾಣುತ್ತೆ. ಆ ಬಾಗಿಲಿನ ಲಾಕ್, ಪವರ್ ವಿಂಡೋ, ಸ್ಪೀಕರ್‌ಗಳ ವೈರ್ ಹೋಗೋದು ಇದರೊಳಗೇ. ಬಾಗಿಲು ತೆರೆದಾಗಲೆಲ್ಲ ಆ ವೈರ್ ಬಾಗುತ್ತೆ, ಮುಚ್ಚಿದಾಗ ಮತ್ತೆ ಬಾಗುತ್ತೆ. ವರ್ಷಗಳ ಮೇಲೆ ಒಳಗಿನ ತಾಮ್ರದ ಎಳೆ ಒಂದೊಂದಾಗಿ ತುಂಡಾಗುತ್ತೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಏನೂ ಆಗದ ಹಾಗೆ ಕಾಣಿಸ್ತಾ ಇರುತ್ತೆ.

ಪರೀಕ್ಷೆ ಸುಲಭ. ಒಬ್ಬರು ಬಟನ್ ಒತ್ತುತ್ತಾ ಇರಲಿ, ಇನ್ನೊಬ್ಬರು ಕೊಳವೆಯನ್ನ ಮೆಲ್ಲಗೆ ಅಲ್ಲಾಡಿಸಲಿ ಅಥವಾ ಬಾಗಿಲನ್ನ ಹಿಂದೆ ಮುಂದೆ ಆಡಿಸಲಿ. ನಡುನಡುವೆ ಲಾಕ್ ಕೆಲಸ ಮಾಡಿದ್ರೆ ಕಳ್ಳ ಸಿಕ್ಕ. ಅದೇ ಬಾಗಿಲಿನ ಗಾಜು ಅಥವಾ ಸ್ಪೀಕರ್ ಕೂಡ ಬಿಟ್ಟುಬಿಟ್ಟು ಕೆಲಸ ಮಾಡ್ತಿದ್ರೆ ಅನುಮಾನವೇ ಬೇಡ. ತುಂಡಾದ ವೈರನ್ನ ಸೋಲ್ಡರ್ ಮಾಡಿ ಟ್ಯೂಬ್ ಹಾಕೋದು ಒಳ್ಳೆ ಎಲೆಕ್ಟ್ರಿಷಿಯನ್‌ಗೆ ಸಣ್ಣ ಕೆಲಸ. ಆದ್ರೆ ಜೋಡಣೆ ಬಾಗೋ ಜಾಗದಲ್ಲೇ ಬೀಳಬಾರದು, ಸ್ವಲ್ಪ ಆಚೀಚೆ ಇರಬೇಕು. ಬರೀ ತಿರುಚಿ ಟೇಪ್ ಸುತ್ತಿದ್ರೆ ಮೊದಲ ಮಳೆಗೇ ವಾಪಸ್ ಬರುತ್ತೆ.

ಸ್ವಿಚ್, ಮೋಟಾರ್ ಪರೀಕ್ಷೆ

ಲಕ್ಷಣಗಳು ಸ್ವಿಚ್ ಕಡೆಗೇ ಬೆರಳು ತೋರಿಸಿದ್ರೆ ಅದನ್ನ ಬಿಚ್ಚಿ, ಕನೆಕ್ಟರ್ ಕಳಚಿ, ಮಲ್ಟಿಮೀಟರನ್ನ ಓಮ್‌ಗೆ ಇಟ್ಟು ನೋಡಿ. ಲಾಕ್ ಒತ್ತಿದಾಗ ಅದರ ಎರಡು ಪಿನ್ ನಡುವೆ ಸೊನ್ನೆಯ ಹತ್ತಿರದ ಅಂಕಿ, ಬಿಟ್ಟಾಗ ಸಂಪರ್ಕವೇ ಇಲ್ಲ ಅಂತ ಬಂದ್ರೆ ಸ್ವಿಚ್ ಆರೋಗ್ಯವಾಗಿದೆ. ಒತ್ತಿದಾಗ ಅಂಕಿ ಕುಣಿದಾಡಿದ್ರೆ ಕಾಂಟ್ಯಾಕ್ಟ್ ಕೊಳೆಯಾಗಿದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದಲೇ ಸರಿಹೋಗಬಹುದು. ಕೆಲವು ಕಾರುಗಳ ಸ್ವಿಚ್‌ನಲ್ಲಿ ಒಂದೇ ವೈರಿನ ಮೇಲೆ ಬೇರೆ ಬೇರೆ ರೆಸಿಸ್ಟರ್ ಇರುತ್ತೆ. ಅಲ್ಲಿ ಸೊನ್ನೆ ಬರಲ್ಲ, ಪ್ರತಿ ಬಟನ್ನಿಗೂ ಒಂದು ನಿಶ್ಚಿತ ಅಂಕಿ ಬರುತ್ತೆ.

ಮೋಟಾರಿಗೆ ಕರೆಂಟ್ ಬರ್ತಿದೆಯಾ ನೋಡೋಕೆ ಅದರ ಎರಡು ವೈರ್ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದು ಬಟನ್ ಒತ್ತಿ. ಕರೆಂಟ್ ಬರೋದು ಕ್ಷಣಮಾತ್ರ. ಡಿಜಿಟಲ್ ಮೀಟರ್ ಅದನ್ನ ಹಿಡಿಯದೇ ಹೋಗಬಹುದು, ಬಲ್ಬು ಮಿಂಚಿ ತೋರಿಸುತ್ತೆ. ಬಲ್ಬು ಮಿಂಚಿದ್ರೂ ಮೋಟಾರ್ ಆಡಲಿಲ್ಲ ಅಂದ್ರೆ ಮೋಟಾರ್ ಹೋಗಿದೆ. ಮಿಂಚದಿದ್ರೆ ಹಿಂದಿನ ವೈರ್ ಹುಡುಕಿ. ಎಚ್ಚರ: ಕಂಟ್ರೋಲ್ ಪೆಟ್ಟಿಗೆಗೆ ಹೋಗೋ ಸಣ್ಣ ಸಿಗ್ನಲ್ ವೈರ್‌ಗಳ ಮೇಲೆ ಟೆಸ್ಟ್ ಲ್ಯಾಂಪ್ ಬೇಡ, ಅಲ್ಲಿ ಮೀಟರ್ ಮಾತ್ರ. ಏರ್‌ಬ್ಯಾಗ್‌ಗೆ ಸೇರಿದ ಹಳದಿ ಕನೆಕ್ಟರ್ ಕಂಡ್ರೆ ಕೈ ಹಾಕಬೇಡಿ. ಕಾರು ವಾರಂಟಿಯಲ್ಲಿದ್ರೆ ಬಾಗಿಲು ಬಿಚ್ಚೋ ಸಾಹಸವೇ ಬೇಡ, ಲಕ್ಷಣ ಬರೆದುಕೊಂಡು ಸರ್ವಿಸ್ ಸೆಂಟರ್‌ಗೆ ಹೋಗಿ.

ನಮ್ಮ ಕಡೆಯ ಮೂರು ಶತ್ರುಗಳು

ಶಹಾಪುರ, ಸುರಪುರ ಕಡೆ ಕರಿಮಣ್ಣಿನ ಹೊಲ, ಹತ್ತಿ, ಕಾಲುವೆ ನೀರಿನ ಭತ್ತ. ಅದರ ಜೊತೆಗೇ ಬರೋದು ಧೂಳು, ನೀರು, ಇಲಿ.

ನುಣ್ಣನೆಯ ಧೂಳು ಗಾಜಿನ ರಬ್ಬರ್ ಸಂದಿಯಿಂದ ಬಾಗಿಲೊಳಗೆ ಇಳಿದು ಲಾಕಿನ ಗ್ರೀಸ್ ಜೊತೆ ಸೇರಿ ಅಂಟಾಗುತ್ತೆ. ಮೋಟಾರಿಗೆ ಅದನ್ನ ತಳ್ಳೋ ಶಕ್ತಿ ಇರಲ್ಲ, ಬೈಗುಳ ಮಾತ್ರ ಸ್ವಿಚ್‌ಗೆ ಬೀಳುತ್ತೆ. ಹಳೇ ಎಂಜಿನ್ ಆಯಿಲ್ ಸುರಿದ್ರೆ ಇನ್ನಷ್ಟು ಧೂಳು ಹಿಡಿಯುತ್ತೆ. ಲಾಕ್ ಸ್ವಚ್ಛ ಮಾಡಿ ಸಿಲಿಕೋನ್ ಸ್ಪ್ರೇ ಅಥವಾ ಬಿಳಿ ಗ್ರೀಸ್ ಹಾಕಿಸಿ.

ಬಾಗಿಲಿನ ಕೆಳ ಅಂಚಿನಲ್ಲಿ ಮಳೆ ನೀರು ಹೊರಹೋಗೋಕೆ ಸಣ್ಣ ತೂತುಗಳಿರ್ತವೆ. ಕೆಸರು ಕಟ್ಟಿದ್ರೆ ನೀರು ಒಳಗೇ ನಿಂತು ಕನೆಕ್ಟರ್‌ಗೆ ಹಸಿರು ತುಕ್ಕು ಹಿಡಿಯುತ್ತೆ. ಮಳೆಗಾಲಕ್ಕೆ ಮುಂಚೆ ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಇನ್ನು ಧಾನ್ಯದ ಚೀಲದ ಪಕ್ಕ ಕಾರು ನಿಲ್ಲಿಸಿದ್ರೆ ಇಲಿಗೆ ಆಹ್ವಾನ ಕೊಟ್ಟ ಹಾಗೇ. ರಾತ್ರೋರಾತ್ರಿ ಲಾಕ್, ಲೈಟ್ ಎರಡೂ ಕೈಕೊಟ್ರೆ ಮೊದಲು ಬಾನೆಟ್ ತೆರೆದು ನೋಡಿ.

ಸೆಕೆಂಡ್ ಹ್ಯಾಂಡ್ ಕಾರಾದ್ರೆ ಇನ್ನೂ ಒಂದು ಪ್ರಶ್ನೆ ಕೇಳಿ: ಸೆಂಟ್ರಲ್ ಲಾಕ್ ಕಂಪನಿಯದಾ, ಆಮೇಲೆ ಹೊರಗೆ ಹಾಕಿಸಿದ್ದಾ? ಹೊರಗಿನ ಕಿಟ್‌ನಲ್ಲಿ ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಮೋಟಾರಿಗೆ ಐದು ವೈರ್, ಉಳಿದವಕ್ಕೆ ಎರಡೆರಡು. ಡ್ರೈವರ್ ಬಾಗಿಲಿನ ಆ ಹೆಚ್ಚುವರಿ ಮೂರು ವೈರ್‌ಗಳೇ ಸ್ವಿಚ್ ಇದ್ದ ಹಾಗೆ. ಅವುಗಳಲ್ಲಿ ದೋಷ ಬಂದ್ರೆ ಲಾಕ್‌ಗಳು ತಾವೇ ಬೀಳೋದು, ತಾವೇ ಏಳೋದು ಶುರುವಾಗುತ್ತೆ. ಆಗ ಕೀ ಒಳಗೆ ಬಿಟ್ಟು ಇಳಿಯೋ ಅಭ್ಯಾಸ ಪೂರ್ತಿ ನಿಲ್ಲಿಸಿ.

ಗ್ಯಾರೇಜ್‌ನಲ್ಲಿ ಏನು ಹೇಳಬೇಕು?

"ಲಾಕ್ ಕೆಲಸ ಮಾಡ್ತಿಲ್ಲ" ಅಂತ ಹೇಳಿ ಕೀ ಕೊಟ್ಟು ಬರಬೇಡಿ. "ಎಡಗಡೆ ಹಿಂದಿನ ಬಾಗಿಲು ಮಾತ್ರ, ರಿಮೋಟ್‌ನಿಂದಲೂ ಸ್ವಿಚ್‌ನಿಂದಲೂ ಆಗ್ತಿಲ್ಲ, ಮೋಟಾರ್ ಸದ್ದೇ ಇಲ್ಲ, ಫ್ಯೂಸ್ ಸರಿ ಇದೆ" ಅಂತ ಹೇಳಿ. ಈ ಒಂದೇ ವಾಕ್ಯದಿಂದ ಒಳ್ಳೆ ಮೆಕ್ಯಾನಿಕ್‌ಗೆ ಅರ್ಧ ಗಂಟೆ ಉಳಿಯುತ್ತೆ. ಸ್ವಿಚ್ ಮಾರೋ ಯೋಚನೆಯಲ್ಲಿದ್ದವರು ಸ್ವಲ್ಪ ಹಿಂದೆ ಸರೀತಾರೆ. ಬದಲಿಸಿದ ಹಳೆ ಭಾಗವನ್ನ ಕೇಳಿ ಪಡೆಯಿರಿ.

ರಿಪೇರಿ ಆಗೋವರೆಗೆ ಮಕ್ಕಳನ್ನ ಒಂದು ನಿಮಿಷವೂ ಕಾರಿನೊಳಗೆ ಬಿಟ್ಟು ಹೋಗಬೇಡಿ. ಮನೆ ಮುಂದೆ ನಿಂತ ಕಾರನ್ನ ಯಾವಾಗಲೂ ಲಾಕ್ ಮಾಡಿ, ಕೀ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮುಂದಿನ ಬಾಗಿಲಿಗೆ ದಾಟಿ ಒಳಗಿನ ಹಿಡಿಕೆ ಎಳೆಯೋದು, ಹಾರ್ನ್ ಒತ್ತೋದು ಐದು ವರ್ಷದ ಮಗುವಿಗೂ ಕಲಿಸಬಹುದು. ಒಂದು ವೇಳೆ ಮಗು ಒಳಗೆ ಸಿಕ್ಕಿಕೊಂಡ್ರೆ ಮೆಕ್ಯಾನಿಕ್ ಬರಲಿ ಅಂತ ಕಾಯಬೇಡಿ. 112ಕ್ಕೆ ಕರೆ ಮಾಡಿ. ಕೀ ತಕ್ಷಣ ಸಿಗದಿದ್ರೆ ಮಗುವಿನಿಂದ ದೂರ ಇರೋ ಪಕ್ಕದ ಗಾಜಿನ ಮೂಲೆಗೆ ಹೊಡೆದು ಒಡೆಯಿರಿ. ಮುಂದಿನ ದೊಡ್ಡ ಗಾಜು ಬೇಡ, ಅದು ಸೀಳುತ್ತೆ ಹೊರತು ಸುಲಭವಾಗಿ ಉದುರಲ್ಲ. ಒಡೆದ ಗಾಜನ್ನ ನಾಳೆ ಹಾಕಿಸಬಹುದು.